ಗೇಟು ತಾತನ ಎರಡು ಗಾಡಿಗಳು

ಮೂವತ್ತನಾಲ್ಕು ವರ್ಷ ಒಂದೇ ಜಾಗದಲ್ಲಿ ನಿಂತು ನೌಕರಿ ಮುಗಿಸಿದವರು ಯಾರಾದರೂ ಇದ್ದರೆ ಅದು ನಮ್ಮ ಗೇಟು ತಾತ. ರೈಲು ಹಳಿ ರಸ್ತೆಯನ್ನು ದಾಟುವ ಕಡೆ ಒಂದು ಗೇಟು, ಗೇಟಿನ ಪಕ್ಕ ಒಂದು ಕೋಣೆ, ಕೋಣೆಯಲ್ಲಿ ಒಂದು ಫೋನು. ಫೋನು ಬಡಿದುಕೊಂಡರೆ ಗೇಟು ಹಾಕಿ, ಬೀಗ ಜಡಿದು, ಕೀಲಿಯನ್ನು ಜೇಬಿಗಿಳಿಸಿ, ಹಸಿರು ಬಾವುಟ ಹಿಡಿದು ನಿಲ್ಲಬೇಕು. ರೈಲು ಹೋದಮೇಲೆ ಬೀಗ ತೆಗೆಯಬೇಕು. ಇಷ್ಟೇ ಕೆಲಸ. ಆದರೆ ‘ಇಷ್ಟೇನಾ?’ ಎಂದವರನ್ನು ತಾತ ಕಣ್ಣಲ್ಲೇ ಸುಟ್ಟುಬಿಡುತ್ತಾನೆ. ಗೇಟಿನಾಚೆ ನಿಂತು ಹಾರನ್ ಬಾರಿಸಿದವರೆಷ್ಟು, ಬೈದವರೆಷ್ಟು, ಕೈಮುಗಿದು ಗೋಗರೆದವರೆಷ್ಟು! ಒಬ್ಬ ಮಂತ್ರಿಯ ಕಾರನ್ನೇ ಹದಿನೆಂಟು ನಿಮಿಷ ನಿಲ್ಲಿಸಿದ್ದನಂತೆ. ಹೇಳಿದ ಸಲಕ್ಕೆ ಎರಡೆರಡು ನಿಮಿಷ ಸೇರುತ್ತ ಬಂದು ಈಗ ಅದು ನಲವತ್ತು ಮುಟ್ಟಿದೆ.

ನಿವೃತ್ತಿಯ ದಿನ ಜೊತೆಯವರು ಒಂದು ಹೊಸ ಸೀಟಿ, ಇಲಾಖೆಯವರು ಲೆಕ್ಕದಿಂದ ತೆಗೆದುಹಾಕಿದ್ದ ಒಂದು ಹಳೆಯ ಬೀಗ, ಗೇಟು ಮುರಿದಾಗ ರಸ್ತೆಗೆ ಅಡ್ಡ ಕಟ್ಟುವ ಒಂದು ಸರಪಳಿ ಕೊಟ್ಟು ಕಳಿಸಿದರು. ಹೆಂಡತಿ ತೀರಿಕೊಂಡ ಮೇಲೆ ತಾತ ಆ ಮೂರನ್ನೂ ಹಸಿರು, ಕೆಂಪು ಎರಡು ಬಾವುಟಗಳನ್ನೂ ಚೀಲಕ್ಕೆ ತುಂಬಿಕೊಂಡು ಮಗಳ ಮನೆಗೆ ಬಂದ. ಮಗಳು ಮನೆಯಲ್ಲೇ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಾಳೆ. ಅಳಿಯ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಮುಖ ತೋರಿಸುವವನು. ಮಕ್ಕಳಿಬ್ಬರು. ದೊಡ್ಡವಳಿಗೆ ಮೂರು ವರ್ಷ. ನಡೆಯುವುದೆಂದರೇನೆಂದು ಅವಳಿಗೆ ಗೊತ್ತಿಲ್ಲ, ಓಡುವುದೊಂದೇ ಗೊತ್ತು. ಅವಳಿಗೆ ತಾತ ಇಟ್ಟ ಹೆಸರು ಎಕ್ಸ್‌ಪ್ರೆಸ್. ಚಿಕ್ಕವನಿಗೆ ಎಂಟು ತಿಂಗಳು. ಗುಂಡಗೆ ಭಾರವಾಗಿದ್ದಾನೆ, ಕೂರಿಸಿದ ಕಡೆ ಗಂಟೆಗಟ್ಟಲೆ ಕೂರುತ್ತಾನೆ, ಯಾವಾಗಲೂ ಎಲ್ಲಿಂದಲಾದರೂ ಏನಾದರೊಂದನ್ನು ಸೋರಿಸುತ್ತಿರುತ್ತಾನೆ. ಅವನು ಗೂಡ್ಸ್.

ಮಗಳ ಕತ್ತರಿ, ಗುಂಡುಸೂಜಿ, ಬಟ್ಟೆ ರಾಶಿಗಳ ನಡುವೆ ಈ ಎರಡು ಗಾಡಿಗಳು ಓಡಾಡಿದರೆ ಏನಾಗಬೇಕೋ ಅದೇ ಆಗುತ್ತಿತ್ತು. ಒಂದು ದಿನ ಎಕ್ಸ್‌ಪ್ರೆಸ್ ಕತ್ತರಿಸಿಟ್ಟ ಬಟ್ಟೆಯ ತುಂಡೊಂದನ್ನು ಎತ್ತಿಕೊಂಡು ಹೋಗಿ ಗೂಡ್ಸಿಗೆ ಶಾಲು ಹೊದಿಸಿತು. ಸಂಜೆಗೆ ಯಾವುದೋ ಹುಡುಗನ ಚಡ್ಡಿಗೆ ಒಂದೇ ಕಾಲು ಉಳಿಯಿತು. ಮಗಳು ತಲೆ ಮೇಲೆ ಕೈಹೊತ್ತು ಕೂತಳು.

ಅವಳ ಅತ್ತೆ, ಅಂದರೆ ತಾತನ ಬೀಗಿತ್ತಿ, ಇಂಥದ್ದಕ್ಕೇ ಕಾಯುತ್ತಿದ್ದಳು. ಬೇರೆ ಊರಿನಲ್ಲಿದ್ದರೂ ದಿನಕ್ಕೆರಡು ಸಲ ಫೋನಿನಲ್ಲಿ ಹಾಜರು.

“ಆರು ಮಕ್ಕಳನ್ನ ಸಾಕಿದೋಳಮ್ಮ ನಾನು. ಟ್ರಂಕು ಕಟ್ಟಿಟ್ಟಿದೀನಿ. ಹೂಂ ಅನ್ನು, ಭಾನುವಾರದ ಬಸ್ಸಿಗೆ ಹತ್ತಿಬಿಡ್ತೀನಿ. ನಿಮ್ಮಪ್ಪನ ರೂಮು ಗಾಳಿ ಬೆಳಕು ಚೆನ್ನಾಗಿದೆ, ನಂಗೆ ಸಾಕು.”

ಫೋನಿನ ಧ್ವನಿ ಪಕ್ಕದ ಮನೆಗೂ ಕೇಳುವಂತಿರುತ್ತಿದ್ದುದರಿಂದ ತಾತನಿಗೂ ಕೇಳಿತು. ರೂಮು ಹೋದರೆ ಹೋಗಲಿ, ಹಾಲಿನಲ್ಲಿ ಹೊಲಿಗೆ ಮಿಷನ್ನಿನ ಪಕ್ಕ ಮಲಗಿದರಾಯಿತು. ಆದರೆ ಬೀಗಿತ್ತಿ ಬಂದಳೆಂದರೆ ಮಕ್ಕಳ ಗಲ್ಲ ಮುಟ್ಟುವುದಕ್ಕೂ ಅವಳ ಅಪ್ಪಣೆ ಬೇಕಾಗುತ್ತದೆ. ಒಂದು ಗೇಟು ಕಳೆದುಕೊಂಡು ಬಂದವನಿಗೆ ಈ ಎರಡನೆಯ ಗೇಟೂ ಹೋದರೆ ಬೆಳಗಾಗೆದ್ದು ಮಾಡುವುದೇನು? ತಾತ ಎದ್ದುಬಂದು ಮಗಳ ಮುಂದೆ ನಿಂತ.

“ಮಕ್ಕಳನ್ನ ನಾನು ನೋಡ್ಕೋತೀನಿ.”

ಮಗಳು ಅಪ್ಪನನ್ನು ಮೇಲಿಂದ ಕೆಳಗೆ ನೋಡಿದಳು. “ನೋಡಪ್ಪಾ, ಒಂದು ವಾರ. ಸೋಮವಾರದಿಂದ ಶುಕ್ರವಾರ, ದಿನಾ ನಾಲ್ಕರಿಂದ ಐದೂವರೆ ತನಕ ಇಬ್ರನ್ನೂ ಪಾರ್ಕಿಗೆ ಕರ್ಕೊಂಡ್ಹೋಗು. ಪಾಪುಗೆ ಬಿಸಿಲು ಬೀಳಬಾರದು, ಬಾಯಿಗೆ ಕಸ ಹೋಗಬಾರದು. ಇವಳು ಕಣ್ಮರೆ ಆಗಬಾರದು. ಎಲ್ಲಕ್ಕಿಂತ ಮುಖ್ಯ, ಇಬ್ರೂ ನೆನೀಬಾರದು, ಹೋದ ತಿಂಗಳ ನೆಗಡಿ ಈಗತಾನೆ ಬಿಟ್ಟಿದೆ. ಇಷ್ಟು ಆದ್ರೆ ಅತ್ತೆಗೆ ಬರೋದು ಬೇಡ ಅಂತೀನಿ.”

“ಲೈನ್ ಕ್ಲಿಯರ್,” ಎಂದ ತಾತ.

ಪಾರ್ಕು ಮನೆಯಿಂದ ಎರಡು ಬೀದಿ ದೂರ. ಸುತ್ತ ನಡೆಯುವವರಿಗೆ ಕಲ್ಲುಹಾದಿ, ನಡುವೆ ಹುಲ್ಲು, ಹುಲ್ಲಿನ ಮೇಲೆ ಒಂದು ದೊಡ್ಡ ಮರ, ಮರದಡಿ ನೆಲಕ್ಕೆ ಹೂತಿಟ್ಟ ಕಬ್ಬಿಣದ ಬೆಂಚು. ಹಾದಿಯ ಆಚೆ ಮರಳಿನ ಗುಂಡಿ, ಮರಳಿನಲ್ಲಿ ಎದೆಯೆತ್ತರದ ಒಂದು ಆನೆ. ಆನೆಯ ಬಾಲದ ಕಡೆ ಹತ್ತಿ ಸೊಂಡಿಲಿನ ಮೇಲೆ ಜಾರಬೇಕು. ತಾತ ಬೆಂಚಿಗೆ ಎಷ್ಟು ಹೆಜ್ಜೆ, ಆನೆಗೆ ಎಷ್ಟು ಹೆಜ್ಜೆ, ನೆರಳು ಯಾವಾಗ ಎಲ್ಲಿಗೆ ಸರಿಯುತ್ತದೆ ಎಂದು ಮೊದಲ ದಿನವೇ ಲೆಕ್ಕ ಹಾಕಿಟ್ಟ. ಆದರೂ ಸೋಮವಾರವೇ ಎಡವಟ್ಟಾಯಿತು. ಎಕ್ಸ್‌ಪ್ರೆಸ್ ನಾಯಿಯೊಂದರ ಹಿಂದೆ ಹೊರಟಿತು, ತಾತ ಎಕ್ಸ್‌ಪ್ರೆಸ್ ಹಿಂದೆ ಹೊರಟ, ತಿರುಗಿ ನೋಡಿದರೆ ಗೂಡ್ಸಿನ ತಳ್ಳುಗಾಡಿ ಇಳಿಜಾರಿನಲ್ಲಿ ಗೇಣಷ್ಟು ಮುಂದೆ ಉರುಳಿತ್ತು. ಗೇಣು ಅಷ್ಟೇ. ಗೂಡ್ಸಿಗೆ ಖುಷಿಯೇ ಆಗಿತ್ತು. ತಾತನ ಜೀವ ಮಾತ್ರ ಬಾಯಿಗೆ ಬಂದಿತ್ತು.

ಗಾಡಿಗೆ ಕಾಲಲ್ಲಿ ಒತ್ತುವ ಬ್ರೇಕೇನೋ ಇತ್ತು. ಆದರೆ ಕೀಲಿಯಿಲ್ಲದ ಯಾವುದನ್ನೂ ತಾತ ನಂಬುವವನಲ್ಲ. ಮಂಗಳವಾರದಿಂದ ರೈಲ್ವೆ ಸರಪಳಿ ಪಾರ್ಕಿಗೆ ಬಂತು. ಗಾಡಿಯ ಚಕ್ರಕ್ಕೊಂದು ಸುತ್ತು, ಬೆಂಚಿನ ಕಾಲಿಗೊಂದು ಸುತ್ತು, ಮೇಲೆ ತೆಂಗಿನಕಾಯಿ ಗಾತ್ರದ ಬೀಗ. ಬೆರಳುದ್ದದ ಹಿತ್ತಾಳೆ ಕೀಲಿ ಅಂಗಿಯ ಜೇಬಿಗೆ. ಪಾರ್ಕಿಗೆ ಬಂದವರು ‘ಈ ಮಗು ಏನು ತಪ್ಪು ಮಾಡಿತಪ್ಪ?’ ಎಂಬಂತೆ ನೋಡಿಕೊಂಡು ಹೋಗುತ್ತಿದ್ದರು.

ಇನ್ನು ಬಾವುಟಗಳು. ಮಗುವಿನ ಕಣ್ಣಿಗೆ ಚುಚ್ಚೀತೆಂದು ಕೋಲು ತೆಗೆದು, ಬಟ್ಟೆಯನ್ನಷ್ಟೇ ಚೆನ್ನಾಗಿ ಒಗೆದು ತರುತ್ತಿದ್ದ. ಅಕ್ಕ ಕಣ್ಣಿಗೆ ಬೀಳದಿದ್ದರೆ ಗೂಡ್ಸ್ ಅಳುತ್ತದೆ, ಕಂಡರೆ ನಗುತ್ತದೆ. ಆದ್ದರಿಂದ ಎಕ್ಸ್‌ಪ್ರೆಸ್ ಪ್ರತಿ ಸಲ ಆನೆಯಿಂದ ಜಾರಿ, ಬೆಂಚಿನ ಮುಂದೆ ‘ಕೂ’ ಎಂದು ಹಾದು, ಮತ್ತೆ ಆನೆಯ ಬಾಲಕ್ಕೆ ಹೋಗಬೇಕು. ತಾತ ಹಸಿರು ತೋರಿಸಿದರೆ ಹೊರಡುವುದು, ಕೆಂಪು ತೋರಿಸಿದರೆ ಇದ್ದಲ್ಲೇ ನಿಲ್ಲುವುದು. ಜೊತೆಗೆ ಇನ್ನೊಂದು ನಿಯಮ. ಗೂಡ್ಸ್ ನಿದ್ದೆಹೋದಾಗ ಗಲಾಟೆಯಾಗದಿರಲೆಂದು ತಾತನೇ ಹುಟ್ಟಿಸಿದ್ದು: ಕೆಂಪಿನಲ್ಲಿ ನಿಂತ ಗಾಡಿ ಬಾಯಿ ಬಿಡುವ ಹಾಗಿಲ್ಲ. ಮೂರು ವರ್ಷದ ಎಕ್ಸ್‌ಪ್ರೆಸ್ ಅಮ್ಮನ ಮಾತನ್ನು ಕಿವಿಗೇ ಹಾಕಿಕೊಳ್ಳದಿದ್ದರೂ ಬಾವುಟಕ್ಕೆ ಮಾತ್ರ ತಲೆಬಾಗುತ್ತಿತ್ತು. ಗುರುವಾರದ ಹೊತ್ತಿಗೆ ಗೂಡ್ಸಿನ ಬಿಕ್ಕಳಿಕೆ ಬಿಟ್ಟರೆ ಇಲಾಖೆಯಲ್ಲಿ ಬೇರೆ ದೂರಿರಲಿಲ್ಲ.

ಆದರೆ ಈ ಏರ್ಪಾಡಿನಲ್ಲಿ ಒಂದು ದೊಡ್ಡ ತೂತಿತ್ತು, ಅದು ತಾತನೊಬ್ಬನಿಗೇ ಗೊತ್ತು. ತಾತ ಗೂಡ್ಸನ್ನು ಎತ್ತಿಕೊಳ್ಳುತ್ತಿರಲಿಲ್ಲ. ಹುಟ್ಟಿ ಎಂಟು ತಿಂಗಳಾದರೂ ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಮನೆಯಲ್ಲಿ ಮಗು ಅತ್ತರೆ ಗಿಲಕಿ ಆಡಿಸುತ್ತಾನೆ, ಕೋತಿಯ ಮುಖ ಮಾಡುತ್ತಾನೆ, ತಲೆಗೆ ಮಗಳ ಅಳತೆ ಟೇಪು ಸುತ್ತಿಕೊಂಡು ಕುಣಿಯುತ್ತಾನೆ. “ಅಪ್ಪಾ, ಒಂಚೂರು ಹಿಡ್ಕೋ,” ಎಂದು ಮಗಳು ಹತ್ತಿರ ಬಂದಳೋ, ಆ ಕ್ಷಣಕ್ಕೆ ಅವನಿಗೆ ಬಾಯಾರಿಕೆಯೋ ಕೆಮ್ಮೋ ಸೊಂಟನೋವೋ ಬಂದುಬಿಡುತ್ತದೆ. ಪಾರ್ಕಿಗೆ ಹೊರಡುವಾಗ ಮಗುವನ್ನು ಗಾಡಿಯಲ್ಲಿ ಕೂರಿಸಿ ಪಟ್ಟಿ ಬಿಗಿಯುವವಳು ಮಗಳು, ಬಂದಮೇಲೆ ಇಳಿಸಿಕೊಳ್ಳುವವಳೂ ಅವಳೇ. ನಡುವಿನದಷ್ಟೇ ತಾತನದು.

ಕಾರಣ ಹಳೆಯದು. ಮಗಳು ನಾಲ್ಕು ತಿಂಗಳ ಕೂಸಾಗಿದ್ದಾಗ ಒಂದು ಮಧ್ಯಾಹ್ನ ಹೆಂಡತಿ ಅವಳನ್ನು ಗೇಟಿಗೆ ತಂದು ಅವನ ಕೈಗೆ ಕೊಟ್ಟು, ನೀರು ಕಾಯಿಸಲು ಒಳಗೆ ಹೋದಳು. ಗೇಟು ಹಾಕಿ ಆಗಿತ್ತು. ರೈಲು ಬಂತು. ತಾತ ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ, ಮಗು ಎರಡೂ ಕೈಯಲ್ಲಿತ್ತು. ರೈಲು ಬಂದಾಗ ಮೇಲೆದ್ದು ಅಭ್ಯಾಸವಾಗಿದ್ದ ಕೈಗಳು ಎದ್ದೇಬಿಟ್ಟವು. ಅವುಗಳಲ್ಲಿ ಇದ್ದುದನ್ನೇ ತೋರಿಸಿದವು. ಹನ್ನೆರಡು ಡಬ್ಬಿ ಹಾದುಹೋಗುವ ತನಕ ತಾತ ತನ್ನ ಮಗಳನ್ನು ತಲೆಯ ಮೇಲೆ ನೆಟ್ಟಗೆ ಹಿಡಿದು ಇಡೀ ರೈಲಿಗೆ ತೋರಿಸಿದ. ಕೊನೆಯ ಡಬ್ಬಿಯ ಗಾರ್ಡು, ಪಾಪ, ಅವನೂ ಅಭ್ಯಾಸಬಲದಿಂದ ತಿರುಗಿ ಹಸಿರು ಬಾವುಟ ತೋರಿಸಿ ಹೋದ.

ಹೆಂಡತಿ ಕಿಟಕಿಯಿಂದ ಇದನ್ನು ಕಂಡಳು. ಆಮೇಲೆ ಮೂವತ್ತು ವರ್ಷ, ಮನೆಗೆ ಬಂದ ನೆಂಟರಿಗೆಲ್ಲ ಅವಳು ಹೇಳಿದ್ದು ಒಂದೇ ಮಾತು: “ಇವ್ರ ಕೈಗೆ ಮಗು ಕೊಡಬೇಡಿ, ರೈಲಿಗೆ ತೋರಿಸ್ತಾರೆ.” ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತಾತನೂ ನಗುತ್ತಿದ್ದ. ಈಗ ಎಕ್ಸ್‌ಪ್ರೆಸ್‌ಗೆ ಊಟದ ಹೊತ್ತಿಗೆ ದಿನಾ ಅದೇ ಕತೆ ಬೇಕು, “ಅಮ್ಮನ್ನ ತೋರಿಸಿದಾಗ ರೈಲು ಹೋಯ್ತಾ ತಾತ?” ಎಂದು ಕೇಳಿ ತುತ್ತು ನುಂಗುತ್ತದೆ. ಆದರೆ ‘ಕೈ ಜಾರಿದ್ದರೆ?’ ಎಂಬ ಪ್ರಶ್ನೆ ತಾತನೊಬ್ಬನಿಗೇ ಅಂಟಿಕೊಂಡು ಉಳಿಯಿತು. ಅಂದಿನಿಂದ ಯಾವ ಕೂಸನ್ನು ಕಂಡರೂ ಅವನ ಕೈಗಳು ತಾವಾಗಿ ಬೆನ್ನಿನ ಹಿಂದೆ ಹೋಗಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ.

ಶುಕ್ರವಾರ ಬಂತು. ಇನ್ನೊಂದೂವರೆ ಗಂಟೆ ಕಳೆದರೆ ಬೀಗಿತ್ತಿಯ ಟ್ರಂಕು ಬಿಚ್ಚಿದ ಹಾಗೆ. ಗಾಡಿಗೆ ಸರಪಳಿ ಬಿತ್ತು, ಬೀಗ ಬಿತ್ತು, ಎಕ್ಸ್‌ಪ್ರೆಸ್ ಓಡಾಟ ಶುರುವಾಯಿತು. ಕಲ್ಲುಹಾದಿಯಲ್ಲಿ ಡ್ರಿಲ್ ಮಾಸ್ತರು ಸುತ್ತು ಹಾಕುತ್ತಿದ್ದರು. ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ಅವರು ದಿನಾ ಹತ್ತು ಸುತ್ತು ಬಿಟ್ಟವರಲ್ಲ. ನಡುವೆ ನಿಂತರೆ ಆ ಸುತ್ತು ಲೆಕ್ಕಕ್ಕಿಲ್ಲವೆಂದು ಅವರೇ ನಿಯಮ ಮಾಡಿಕೊಂಡಿದ್ದರಿಂದ, ಮಾತಾಡುವುದನ್ನೂ ಒಂದು ಸುತ್ತಿಗೆ ಒಂದು ವಾಕ್ಯದಂತೆ ಆಡಿ ಮುಂದೆ ಹೋಗುತ್ತಿದ್ದರು.

ನಾಲ್ಕೂ ಮುಕ್ಕಾಲಿಗೆ ಎಕ್ಸ್‌ಪ್ರೆಸ್ ಬೆಂಚಿನ ಹತ್ತಿರ ಬಂದು ಕಾಲು ಚಾಚಿತು. ಶೂ ತುಂಬ ಮರಳು. ತಾತ ಮಂಡಿಯೂರಿ, ಬಗ್ಗಿ, ಎರಡೂ ಶೂ ಕೊಡವಿ ತೊಡಿಸಿದ. ಏಳುವಷ್ಟರಲ್ಲಿ ಗೂಡ್ಸ್ ಕೆಂಪು ಬಾವುಟವನ್ನು ಅರ್ಧ ಬಾಯಿಗೆ ತುರುಕಿಕೊಂಡಾಗಿತ್ತು. ತಾತ ಅದರ ಒಂದು ತುದಿ ಹಿಡಿದು ಎಳೆದ, ಗೂಡ್ಸ್ ಇನ್ನೊಂದು ತುದಿ ಬಿಡಲೊಲ್ಲದು.

“ತಾತ, ಭದ್ರವಾದ ಜಾಗ ಯಾವ್ದು?” ಎಂದು ಕೇಳಿತು ಎಕ್ಸ್‌ಪ್ರೆಸ್, ಬೆನ್ನ ಹಿಂದಿನಿಂದ.

“ಈ ಪಾರ್ಕಲ್ಲಾ? ಒಂದೇ ಒಂದು ಜಾಗ ಮರಿ. ನಿನ್ ತಮ್ಮ ಕೂತಿದಾನಲ್ಲ, ಅದೇ. ಬಿಡೋ ಗೂಡ್ಸೂ, ಬಿಡೋ ನನ್ನಪ್ಪಾ!”

ತಾತ ಚೀಲಕ್ಕೆ ಕೈ ಹಾಕಿ ಮರದ ಚಮಚ ಹುಡುಕಿ ಕೊಟ್ಟಮೇಲೆ ಗೂಡ್ಸ್ ಬಾವುಟ ಬಿಟ್ಟಿತು. ಅಷ್ಟರಲ್ಲಿ ಎಕ್ಸ್‌ಪ್ರೆಸ್ ಗಾಡಿಯ ಪಕ್ಕ ಏನೋ ಸರಿಪಡಿಸಿ, ತಮ್ಮನ ಗಲ್ಲ ಹಿಂಡಿ, ಆನೆಯ ಕಡೆ ಓಡಿತ್ತು. ಎಂಜಲಲ್ಲಿ ತೊಯ್ದ ಕೆಂಪು ಬಾವುಟವನ್ನು ಒಣಗಲೆಂದು ತಾತ ಗಾಡಿಯ ಕೊಡೆಗೆ ಬಟ್ಟೆ ಕ್ಲಿಪ್ಪು ಹಾಕಿ ನೇತುಬಿಟ್ಟ.

ಆಗ ಮಾಲಿ ಬಂದ. ಮೊಣಕೈವರೆಗೆ ಗೊಬ್ಬರ. ಹೊಸ ಹೂಪಾತಿಗೆ ಕಲಸುತ್ತಿದ್ದವನು ಹಾಗೇ ಎದ್ದುಬಂದಿದ್ದ.

“ಯಜಮಾನ್ರೇ, ಐದಕ್ಕೆ ಹುಲ್ಲಿಗೆ ನೀರು ಬಿಡತ್ತೆ. ಹೊಸಾ ಸ್ಪ್ರಿಂಕ್ಲರ್, ಇವತ್ತೇ ಶುರು. ಜಾಗ ಖಾಲಿ ಮಾಡ್ಕೊಳ್ಳಿ.”

“ಆಯ್ತಪ್ಪ,” ಎಂದು ತಾತ ಗತ್ತಿನಿಂದ ಜೇಬಿಗೆ ಕೈ ಹಾಕಿದ. ಜೇಬಿನಲ್ಲಿ ಕನ್ನಡಕದ ಡಬ್ಬಿಯಿತ್ತು, ಸೀಟಿಯಿತ್ತು, ಕೀಲಿಯಿರಲಿಲ್ಲ. ಇನ್ನೊಂದು ಜೇಬು ನೋಡಿದ. ಚೀಲ ಬುಡಮೇಲು ಮಾಡಿದ. ಮೂವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ಕೀಲಿ ಕಳೆಯದವನ ಕಾಲಡಿಯ ನೆಲ ಕುಸಿಯಿತು.

“ಎಷ್ಟೊತ್ತಿದೆ ಐದಕ್ಕೆ?”

“ಹತ್ತು ನಿಮಿಷ.”

“ಒಂಚೂರು ನಿಲ್ಸಪ್ಪ ನೀರು.”

“ನನ್ ಕೈಲಿಲ್ಲ ಯಜಮಾನ್ರೇ. ಅದೇನೋ ಟೈಮರ್ ಅಂತೆ, ತಾನೇ ಬಿಡತ್ತೆ, ತಾನೇ ನಿಲ್ಲತ್ತೆ. ಅದರ ಪೆಟ್ಟಿಗೆಗೂ ಬೀಗ, ಅದರ ಕೀ ಆಫೀಸಲ್ಲಿ.”

ಬೀಗ ಕೀಲಿಗಳ ಮೇಲೆ ಇಡೀ ಜೀವನ ನಡೆಸಿದ ತಾತನಿಗೆ ಆ ಕ್ಷಣ ಬೀಗವೆಂದರೆ ಮೈಯೆಲ್ಲ ಉರಿಯಿತು. ಅವನು ಅಂಬೆಗಾಲಿಟ್ಟು ಬೆಂಚಿನಡಿ ತೆವಳಿದ. ಮಾಲಿ ಕಾಲಿನಿಂದಲೇ ಹುಲ್ಲು ಕೆದಕಿದ. ತಾತನ ಹಿಂಭಾಗವನ್ನು ಕಂಡು ಗೂಡ್ಸ್ ಕೇಕೆಹಾಕಿ ಅದರ ಮೇಲೆ ಚಮಚದಲ್ಲಿ ತಾಳ ಹಾಕಿತು.

ಡ್ರಿಲ್ ಮಾಸ್ತರು ಆರನೆಯ ಸುತ್ತಿನಲ್ಲಿ ಹಾದುಹೋದರು. “ಏನ್ರೀ ಗೇಟು, ಏನ್ ಹುಡುಕ್ತಿದೀರಿ?”

“ಕೀ ರೀ!” ಎಂದು ತಾತ ಹೇಳುವಷ್ಟರಲ್ಲಿ ಅವರು ಆನೆಯ ಹತ್ತಿರ ತಲುಪಿದ್ದರು.

ಆನೆಯ ಕಡೆ ಬೇರೆಯೇ ಗಲಾಟೆ ಎದ್ದಿತ್ತು. ಎಕ್ಸ್‌ಪ್ರೆಸ್ ಆನೆಯ ಬೆನ್ನ ಮೇಲೆ ಹಿಡಿಕೆ ಹಿಡಿದು ಕೂತಿತ್ತು, ಜಾರುತ್ತಿರಲಿಲ್ಲ. ಹಿಂದೆ ನಾಲ್ಕು ಮಕ್ಕಳು ಸಾಲುಗಟ್ಟಿ “ಜಾರೇ! ಜಾರೇ!” ಎಂದು ಅರಚುತ್ತಿದ್ದವು. ಅವಳು ತುಟಿ ಬಿಗಿಹಿಡಿದು, ಕಣ್ಣು ಮಿಟುಕಿಸದೆ, ಗಾಡಿಯ ಕಡೆ ನೋಡುತ್ತಿದ್ದಳು. ತಾತ ಅಲ್ಲಿಂದಲೇ ಕೂಗಿದ. “ಮರೀ, ಕೀ ನೋಡಿದ್ಯಾ?”

ಎಕ್ಸ್‌ಪ್ರೆಸ್ ಜೋರಾಗಿ ತಲೆ ಅಲ್ಲಾಡಿಸಿತು. ಮೇಲಕ್ಕೂ ಕೆಳಕ್ಕೂ, ಆಮೇಲೆ ಆಚೆಗೂ ಈಚೆಗೂ. ಬಾಯಿ ಬಿಡಲಿಲ್ಲ. ‘ಹೌದೋ ಇಲ್ಲವೋ, ಈ ಮಗೂಗೇನಾಯಿತು?’ ಎಂದುಕೊಂಡ ತಾತ. ಅಲ್ಲೇ ಕಣ್ಣಳತೆಯಲ್ಲಿ ಭದ್ರವಾಗಿ ಕೂತಿದ್ದಾಳಲ್ಲ, ಸದ್ಯಕ್ಕೆ ಅಷ್ಟು ಸಾಕು ಎಂದು ಮತ್ತೆ ಬೆಂಚಿನಡಿಗೆ ಹೋದ. ತನ್ನ ತಲೆಯ ಮೇಲೇ, ಗಾಡಿಯ ಕೊಡೆಯಲ್ಲಿ, ಕೆಂಪು ಬಾವುಟ ಪಟಪಟ ಹಾರುತ್ತಿದ್ದುದು ಅವನ ತಲೆಗೆ ಹೊಳೆಯಲಿಲ್ಲ.

ಮಾಲಿ ಗಿಡ ಕತ್ತರಿಸುವ ದೊಡ್ಡ ಕತ್ತರಿ ತಂದ. ಸರಪಳಿ ಕಚ್ಚಿದ್ದೇ ಕತ್ತರಿಯ ಹಿಡಿ ಕಿತ್ತು ಅವನ ಕೈಗೆ ಬಂತು.

“ಎಂಥಾ ಸರಪಳಿ ಯಜಮಾನ್ರೇ ಇದು!”

“ರೈಲ್ವೆದು,” ಎಂದ ತಾತ, ಅಂಥ ಹೊತ್ತಿನಲ್ಲೂ ಸ್ವಲ್ಪ ಹೆಮ್ಮೆಯಿಂದಲೇ.

ಏಳನೆಯ ಸುತ್ತು. “ಗಾಡಿ ಬಿಟ್ಟಾಕ್ರೀ, ಮಗೂನ ಎತ್ಕೊಳ್ರೀ!” ಎಂದು ಹೇಳಿ ಡ್ರಿಲ್ ಮಾಸ್ತರು ಹೊರಟುಹೋದರು.

ತಾತನ ಕೈಗಳು ತಟಕ್ಕನೆ ಬೆನ್ನಿನ ಹಿಂದೆ ಹೋದವು. “ಅದು... ನಂಗೆ ಸೊಂಟ... ಮಾಲಿ, ನೀನೇ ಒಂಚೂರು...” ಎಂದ. ಮಾಲಿ ಗೊಬ್ಬರದ ಎರಡೂ ಕೈ ಎತ್ತಿ ತೋರಿಸಿದ. “ಈ ಕೈಲಾ? ನಲ್ಲಿ ಆ ತುದಿಗಿದೆ, ಓಡಿಹೋಗಿ ತೊಳ್ಕೊಂಡು ಬರ್ತೀನಿ ಇರಿ,” ಎಂದು ಓಡಿದ. ಅವನು ನಲ್ಲಿಯ ಹತ್ತಿರ ಸೇರುವ ಮೊದಲೇ ಹುಲ್ಲಿನೊಳಗಿಂದ ‘ಬುಸ್’ ಎಂಬ ಸದ್ದು ಬಂತು.

ಕಪ್ಪು ಕೊಳವೆಯ ತಲೆಗಳು ಅಣಬೆಗಳ ಹಾಗೆ ಎದ್ದವು. ಚಿಕ್ ಚಿಕ್ ಚಿಕ್ ಎನ್ನುತ್ತ ಸೊಂಟದೆತ್ತರಕ್ಕೆ ನೀರು ಬೀಸಿ ತಿರುಗತೊಡಗಿದವು. ತಾತ ಗಾಡಿಯ ಮುಂದೆ ಕೈಕಾಲು ಅಗಲಿಸಿ ಗೇಟಿನಂತೆ ನಿಂತುಕೊಂಡ. ಮೊದಲ ಏಟು ಹೊಟ್ಟೆಗೆ ಬಿತ್ತು. ಎರಡನೆಯದು ಎಡಗಡೆಯಿಂದ ಬರುವುದನ್ನು ಕಂಡು ಎಡಕ್ಕೆ ಹಾರಿದ, ಬಲಗಡೆಯದಕ್ಕೆ ಬಲಕ್ಕೆ ಹಾರಿದ. ಒಂದೊಂದು ಹಾರಾಟಕ್ಕೂ ಗೂಡ್ಸ್ ಚಮಚ ಬಡಿದು ನಕ್ಕಿತು. ಇಷ್ಟು ಚೆನ್ನಾದ ಆಟವನ್ನು ತಾತ ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ದ ಎಂದು ಅದಕ್ಕೆ ಆಶ್ಚರ್ಯವಾಗಿರಬೇಕು. ಆದರೆ ಗೇಟಿಗೆ ಇರುವುದು ಎರಡೇ ಕಡೆ, ನೀರಿಗೆ ನಾಲ್ಕು ಕಡೆ. ಮರದ ಬುಡದಲ್ಲಿದ್ದ ಕೊಳವೆ ಕೊನೆಗೆ ಎದ್ದಾಗ ಅದರ ತಲೆ ನೇರವಾಗಿ ಗಾಡಿಯ ಮಗ್ಗುಲಿಗೇ ತಿರುಗುತ್ತ ಬಂತು. ಒಂದು ಹನಿ ಗೂಡ್ಸಿನ ಮೂಗಿನ ಮೇಲೆ ಬಿತ್ತು. ಗೂಡ್ಸ್ ನಗು ನಿಲ್ಲಿಸಿ ತಾತನ ಮುಖ ನೋಡಿತು.

ಆ ಮುಖ ನೋಡಿದ ಮೇಲೆ ತಾತ ಯೋಚಿಸಲಿಲ್ಲ. ಅಗಲಿಸಿ ಹಿಡಿದಿದ್ದ ಕೈಗಳು ಬೆನ್ನ ಹಿಂದೆ ಹೋಗದೆ ಮುಂದೆ ಬಂದವು, ಪಟ್ಟಿ ಬಿಚ್ಚಿದವು, ಎರಡೂ ಕಂಕುಳಿಗೆ ತೂರಿ ಮಗುವನ್ನು ಎತ್ತಿದವು. ಎಷ್ಟು ಭಾರ! ಎಷ್ಟು ಬೆಚ್ಚಗೆ! ತಾತ ಗೂಡ್ಸನ್ನು ತಲೆಯ ಮೇಲೆ, ನೀರಿಗೆ ಸಿಗದಷ್ಟು ಎತ್ತರಕ್ಕೆ, ನೆಟ್ಟಗೆ ಹಿಡಿದು ಕಲ್ಲುಹಾದಿಯ ಕಡೆ ಒಂದೊಂದೇ ಹೆಜ್ಜೆ ಊರಿ ನಡೆದ. ಕಾಲಿಗೆ ನೀರು, ಸೊಂಟಕ್ಕೆ ನೀರು, ಮೇಲಿಂದ ಮೂಗಿಗೆ ಗೂಡ್ಸಿನ ಜೊಲ್ಲು. ಹಿಡಿತ ಮಾತ್ರ ಕಬ್ಬಿಣದಂತಿತ್ತು.

“ಗ್ರೀನ್!” ಎಂಬ ಕೂಗು ಇಡೀ ಪಾರ್ಕಿಗೆ ಕೇಳಿತು. “ತಾತ ಪಾಪುನ ತೋರಿಸ್ತಿದಾನೆ! ಗ್ರೀನ್ ಗ್ರೀನ್! ಕೂ!”

ಎಕ್ಸ್‌ಪ್ರೆಸ್ ಸೊಂಡಿಲಿನ ಮೇಲೆ ಜಾರಿ ಬಂತು, ಹಿಂದೆಯೇ ನಾಲ್ಕು ಮಕ್ಕಳು ನಾಲ್ಕು ಡಬ್ಬಿಗಳಂತೆ ಬಂದವು. ಕಲ್ಲುಹಾದಿಯಲ್ಲಿ ತಾತನ ಕಾಲು ಸಿಕ್ಕಿದ್ದೇ ಅವಳಿಗೆ ಹತ್ತು ನಿಮಿಷದಿಂದ ಕಟ್ಟಿಹಾಕಿದ್ದ ಮಾತು ಒಡೆಯಿತು.

“ತಾತ, ಕೀ ಕೆಳಗ್ ಬಿದ್ದಿತ್ತು, ನಾನು ಎತ್ಕೊಂಡೆ, ಭದ್ರವಾದ ಜಾಗದಲ್ಲಿಟ್ಟೆ, ಪಾಪು ಕುಂಡೆ ಕೆಳಗೆ, ಟವಲ್ ಒಳಗೆ, ನೀನೇ ಹೇಳಿದ್ದಲ್ವಾ!”

“ಮತ್ತೆ ಆಗ್ಲೇ ಯಾಕೆ ಹೇಳಲಿಲ್ಲ?”

“ಕೆಂಪು ಇತ್ತಲ್ಲಾ,” ಎಂದಿತು ಎಕ್ಸ್‌ಪ್ರೆಸ್. ಇಂಥ ದಡ್ಡನಿಗೆ ಇಲಾಖೆಯವರು ಗೇಟು ಹೇಗೆ ಕೊಟ್ಟರೋ ಎಂಬ ಧಾಟಿಯಲ್ಲಿ.

ಎಂಟನೆಯ ಸುತ್ತಿನ ಡ್ರಿಲ್ ಮಾಸ್ತರು ಬಂದು, ಮಗುವನ್ನು ತಲೆಯ ಮೇಲೆ ಹೊತ್ತು ತೊಟ್ಟಿಕ್ಕುತ್ತಿದ್ದ ತಾತನನ್ನು ಕಂಡು, ಮೊಟ್ಟಮೊದಲ ಸಲ ಸುತ್ತಿನ ನಡುವೆ ನಿಂತುಬಿಟ್ಟರು. ಅವರ ಹಿಂದೆ ಇನ್ನೂ ಒಬ್ಬರು ನಿಂತಿದ್ದರು. ಗುಂಡಿ ತರಲು ಅಂಗಡಿಗೆ ಹೊರಟಿದ್ದ ಮಗಳು, ಹೇಗೂ ದಾರಿಯಲ್ಲೇ ಇದೆಯೆಂದು ಪಾರ್ಕಿನೊಳಗೆ ಇಣುಕಿದ್ದಳು. ಅವಳ ಕಿವಿಯಲ್ಲಿ ಫೋನು, ಫೋನಿನಲ್ಲಿ ಬೀಗಿತ್ತಿ.

“ಏನಮ್ಮ ಅದು ಗಲಾಟೆ? ಮಾತಾಡು! ಟ್ರಂಕಿಗೆ ಹಗ್ಗ ಬಿಗೀಲೋ ಬೇಡ್ವೋ?” ಎಂಬುದು ಎಲ್ಲರಿಗೂ ಕೇಳಿಸಿತು.

ಮುಗಿಯಿತು ಎಂದುಕೊಂಡ ತಾತ. ಅವನ ಮೀಸೆಯಿಂದ ನೀರಿಳಿಯುತ್ತಿತ್ತು. ಕೈ ಕೆಳಗಿಳಿಸಲೂ ಮರೆತು ಹಾಗೇ ನಿಂತು ಅವನು ಹೇಳಿದ, “ನೋಡಮ್ಮಾ, ಪಾಪು ನೆಂದಿಲ್ಲ. ಮೂಗಿನ ಮೇಲೆ ಒಂದೇ ಹನಿ. ಇವಳೂ ನೆಂದಿಲ್ಲ. ಇಬ್ರೂ ನೆನೀಬಾರದು ಅಂದಿದ್ದೆ. ನನ್ ವಿಷಯ ನೀನೇನೂ ಹೇಳಿರಲಿಲ್ಲ.”

ಹುಲ್ಲಿನ ನಡುವೆ ಖಾಲಿ ಗಾಡಿ ಬೀಗ ಹಾಕಿಸಿಕೊಂಡು ಒಂದೇ ಸಮ ಸ್ನಾನ ಮಾಡುತ್ತಿತ್ತು. ಮಗಳು ಅದನ್ನು ನೋಡಿದಳು, ಅಪ್ಪನನ್ನು ನೋಡಿದಳು, ಅಪ್ಪನ ಎರಡೂ ಕೈಗಳನ್ನು ನೋಡಿದಳು.

“ನನ್ನನ್ನೂ ಹಿಂಗೇ ತೋರಿಸಿದ್ಯಾ ರೈಲಿಗೆ?”

“ನೀನು ಹಗುರ ಇದ್ದೆ. ಇದು ಗೂಡ್ಸು.”

“ನಾನು ಅಳ್ತಿದ್ನಾ?”

ಮೂವತ್ತು ವರ್ಷದಲ್ಲಿ ಯಾರೂ ಅವನನ್ನು ಕೇಳದ ಪ್ರಶ್ನೆ ಅದು. ತಾತ ತಲೆಯೆತ್ತಿ ಗೂಡ್ಸಿನ ಮುಖ ನೋಡಿದ. “ಇಲ್ಲಮ್ಮ. ನಗ್ತಿದ್ದೆ. ಹನ್ನೆರಡು ಡಬ್ಬಿ ಹೋಗೋ ತನಕ ನಗ್ತಾನೇ ಇದ್ದೆ. ನಿಮ್ಮಮ್ಮಂಗೆ ಕಿಟಕಿಯಿಂದ ನಿನ್ ಬೆನ್ನು ಕಾಣ್ತಿತ್ತು, ಮುಖ ಕಾಣ್ತಿರಲಿಲ್ಲ.”

ಮೇಲೆ ಗೂಡ್ಸ್ ಹಲ್ಲಿಲ್ಲದ ಬಾಯಿ ಅಗಲಿಸಿ, ತಾತನ ತಲೆಗೆ ಚಮಚದಲ್ಲಿ ಒಂದು ಬಾರಿಸಿತು.

ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಸೆರಗಿನಿಂದ ಅಪ್ಪನ ಮೀಸೆ ಒರೆಸಿ, ಫೋನನ್ನು ಕಿವಿಗೆ ಒತ್ತಿಕೊಂಡಳು. “ಅತ್ತೆ, ಟ್ರಂಕು ಬಿಚ್ಚಿಬಿಡಿ. ಬೇಸಿಗೆ ರಜಾಕ್ಕೆ ಬನ್ನಿ, ಆರಾಮಾಗಿ ಇದ್ದು ಹೋಗುವಿರಂತೆ. ಸದ್ಯಕ್ಕೆ ಇಲ್ಲಿ ಎರಡು ಕೈ ಇವೆ, ಸಾಕು.” ಆ ಕಡೆಯಿಂದ ಬಂದ ಉತ್ತರವನ್ನು ಡ್ರಿಲ್ ಮಾಸ್ತರೂ ಕೇಳಿಸಿಕೊಂಡು ಗಾಬರಿಯಿಂದ ಸುತ್ತು ಮುಂದುವರಿಸಿದರು.

ಸೋಮವಾರ ನಾಲ್ಕು ಗಂಟೆಗೆ ಬಾಗಿಲಲ್ಲಿ ತಳ್ಳುಗಾಡಿ ಸಿದ್ಧವಾಗಿ ನಿಂತಿತ್ತು. ಅದರ ಸೀಟಿನಲ್ಲಿ ಟವಲು, ನೀರಿನ ಬಾಟಲಿ, ಟೋಪಿ, ಬಾವುಟಗಳು, ಎಕ್ಸ್‌ಪ್ರೆಸ್‌ನ ಮರಳಿನ ಬಕೆಟ್ಟು. ಸರಪಳಿಯೂ ಇತ್ತು, ಬೀಗ ಮಾತ್ರ ಕಾಣಲಿಲ್ಲ. ಮಗಳು ಗೂಡ್ಸನ್ನು ಎತ್ತಿಕೊಂಡು ಬಂದವಳು ಗಾಡಿಯ ಹತ್ತಿರ ಹೋಗದೆ ನೇರ ಅಪ್ಪನ ಮುಂದೆ ನಿಂತಳು.

“ಹಿಡ್ಕೋ ಅಪ್ಪಾ. ಗಾಡಿ ನಾನು ಬೀದಿ ತನಕ ತಳ್ತೀನಿ.”

ತಾತನಿಗೆ ಬಾಯಾರಿಕೆಯಾಗಲಿಲ್ಲ. ಕೆಮ್ಮು ಬರಲಿಲ್ಲ. “ತಾಳು, ಕೈ ಒರೆಸ್ಕೋತೀನಿ,” ಎಂದು ಅಂಗಿಗೆ ಎರಡು ಸಲ ಒರೆಸಿಕೊಂಡು ಕೈ ಚಾಚಿದ.

ಕೆಳಗಿನ ಮೆಟ್ಟಿಲ ಮೇಲೆ ಎಕ್ಸ್‌ಪ್ರೆಸ್ ಹೊರಡಲು ಸಿದ್ಧವಾಗಿ, ತಿರುಗಿ ನೋಡುತ್ತ, ಬಾವುಟಕ್ಕೆ ಕಾಯುತ್ತಿತ್ತು. ತಾತನ ಎರಡೂ ಕೈ ತುಂಬಿತ್ತು. ಅವನು ಗೂಡ್ಸನ್ನೇ ಸ್ವಲ್ಪ ಮೇಲೆತ್ತಿ ತೋರಿಸಿದ. ಎಕ್ಸ್‌ಪ್ರೆಸ್ ಹೊರಟಿತು.